ಹನ್ನೊಂದು ನಿಮಿಷದ ಜನರೇಟರ್

ಜನರೇಟರ್ ಕೆಟ್ಟಿದೆಯೆಂದು ಫೋನು ಮಾಡಿದವನೂ ಸಂಯುಕ್ತಾಳೂ ತೆಲುಗಿನಲ್ಲೇ ಮಾತಾಡಿದ್ದರು. ಹಾಗಾಗಿ ಸಿಕಂದರಾಬಾದಿನ ಪಕ್ಕದ ಬೇಗಂಪೇಟೆಯ ಹಳೆ ವಿಮಾನ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಸ್ಕೂಟಿ ನಿಲ್ಲಿಸಿ ಹೆಲ್ಮೆಟ್ ತೆಗೆಯುವಾಗ ಕಿವಿಗೆ ಕನ್ನಡ ಬಿದ್ದದ್ದೇ, ಸಂಯುಕ್ತಾ ಒಂದು ಕ್ಷಣ ತಾನು ಬಂದ ಕೆಲಸವನ್ನೇ ಮರೆತಳು.

“ಕೇದಾರಾ, ಮೆಕ್ಯಾನಿಕ್ ಬರ್ತಾನ ಅಂದಿದ್ದೆಲ್ಲೋ. ಇಲ್ಲಿ ನೋಡಿದ್ರ ಹುಡುಗಿ ಬಂದೈತಿ!”

“ಹುಡುಗೀನೇ ಮೆಕ್ಯಾನಿಕ್ಕು, ಅಜ್ಜಿ,” ಎಂದಳು ಸಂಯುಕ್ತಾ.

ವರಾಂಡದ ಬೆತ್ತದ ಕುರ್ಚಿಯಲ್ಲಿದ್ದ ಸೂಗಮ್ಮನಿಗೆ ನಗು ತಡೆಯಲಾಗಲಿಲ್ಲ. ನಗು ಕೆಮ್ಮಾಯಿತು, ಕೆಮ್ಮು ಉಬ್ಬಸವಾಯಿತು. ಮೂಗಿಗೆ ಸಿಕ್ಕಿಸಿಕೊಂಡಿದ್ದ ಸಣ್ಣ ಕೊಳವೆಯನ್ನು ಸರಿಮಾಡಿಕೊಂಡು ಅಜ್ಜಿ ಸುಧಾರಿಸಿಕೊಂಡಳು. ಕೊಳವೆಯ ಇನ್ನೊಂದು ತುದಿ ಒಳಗೆ ಸದ್ದು ಮಾಡುತ್ತಿದ್ದ ಆಕ್ಸಿಜನ್ ಮಷಿನ್ನಿಗೆ ಸೇರಿತ್ತು.

ಅಂಗಳದಲ್ಲಿ ನಿಂತಿದ್ದ ಉದ್ದನೆಯ ಬಿಳಿ ವ್ಯಾನಿನ ಹಿಂದಿನಿಂದ ಮೊಮ್ಮಗ ಕೇದಾರ ಬಂದ. ಮೊದಲು ಕೈಗಡಿಯಾರ ನೋಡಿಕೊಂಡ, ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಏನೋ ಗೀಚಿದ, ಆಮೇಲಷ್ಟೇ ನಮಸ್ಕಾರ ಮಾಡಿದ. ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ ಹತ್ತು ವರ್ಷದಿಂದ ಟೈಮ್‌ಟೇಬಲ್ ಮಾಡುತ್ತ ಕೂತವನಿಗೆ ಮನುಷ್ಯರು ಬಂದರೂ ಗಾಡಿ ಬಂದ ಹಾಗೆಯೇ.

“ಹತ್ತು ನಲವತ್ತೆರಡಕ್ಕ ಬಂದ್ರಿ,” ಎಂದ.

“ನನ್ನ ವಾಚಲ್ಲಿ ನಲವತ್ಮೂರು.”

“ಹಂಗಾರ ನಿಮ್ಮ ಗಡಿಯಾರ ಒಂದು ನಿಮಿಷ ಮುಂದ ಐತ್ರಿ.”

“ಬೇಕಂತಲೇ ಮುಂದಿಟ್ಟಿದೀನಿ. ತಡ ಆಗಬಾರದು ಅಂತ.”

ದೇವರ ಮೂರ್ತಿಗೆ ಮೀಸೆ ಬರೆದವರನ್ನು ನೋಡುವಂತೆ ಅವನು ಅವಳನ್ನು ನೋಡಿದ. ಆಮೇಲೆ ಅವನ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಒಂದೇ ಮೂಲೆ. ಸಂಯುಕ್ತಾ ಅದನ್ನು ಗಮನಿಸಿದಳು, ಗಮನಿಸಿದ್ದಕ್ಕೆ ತನ್ನನ್ನೇ ಬೈದುಕೊಂಡು ಬ್ಯಾಗಿನಿಂದ ಸ್ಪ್ಯಾನರ್ ತೆಗೆದಳು.

ಆ ವ್ಯಾನು ಒಂದು ಕಾಲಕ್ಕೆ ಸಿನಿಮಾದವರ ಕ್ಯಾರವಾನ್ ಆಗಿತ್ತು. ಒಳಗೆ ಮಂಚ, ಪುಟ್ಟ ಅಡುಗೆಕಟ್ಟೆ, ಬಾತ್‌ರೂಮು. ನಾಯಕಿಯರು ಮೇಕಪ್ ಮಾಡಿಕೊಳ್ಳುತ್ತಿದ್ದ ದೊಡ್ಡ ಕನ್ನಡಿ ಇನ್ನೂ ಇತ್ತು, ಅದರ ಸುತ್ತ ಹದಿನಾರು ಬಲ್ಬುಗಳೂ ಇದ್ದವು. ಮುದಿ ಗಾಡಿಯನ್ನು ಕೇದಾರ ಕೊಂಡದ್ದು ಶೋಕಿಗಲ್ಲ. ರಾಯಚೂರಿನಲ್ಲಿ ಸೂಗಮ್ಮನ ಅಕ್ಕ ಬಂಡೆಮ್ಮ ತೊಂಬತ್ತೊಂದನೆಯ ವಯಸ್ಸಿಗೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಇಲ್ಲಿ ತಂಗಿಗೆ ಆಕ್ಸಿಜನ್ ಮಷಿನ್ ಬಿಟ್ಟು ಹದಿನೈದು ನಿಮಿಷಕ್ಕಿಂತ ಹೆಚ್ಚು ಇರಲಾಗದು. ಆರು ವರ್ಷದಿಂದ ಅಕ್ಕತಂಗಿಯರು ಫೋನಿನ ಪರದೆಯಲ್ಲೇ ಮುಖ ನೋಡಿಕೊಳ್ಳುತ್ತಿದ್ದರು.

“ಆಂಬುಲೆನ್ಸ್ ಮಾಡೂಣು ಅಂದ್ರ ಒಪ್ಪವಲ್ಲಳು,” ಎಂದ ಕೇದಾರ.

“ಆಂಬುಲೆನ್ಸಿನ್ಯಾಗ ಹೋಗಿ ಅಕ್ಕನ ಮನಿ ಮುಂದ ಇಳಿದ್ರ ಓಣಿ ಮಂದೆಲ್ಲ ಅಳಾಕ ಶುರು ಮಾಡ್ತಾರ,” ಎಂದಳು ಸೂಗಮ್ಮ. “ನಾ ಜೀವಂತ ಹೋಗಬೇಕು, ಜರದ ಸೀರಿ ಉಟ್ಟು.”

ರಾಯಚೂರಿಗೆ ಆರು ತಾಸಿನ ದಾರಿ. ಮಷಿನ್ನಿನ ಸ್ವಂತ ಬ್ಯಾಟರಿ ಇಪ್ಪತ್ತು ನಿಮಿಷ ಬಾಳುತ್ತಿತ್ತು. ಉಳಿದದ್ದಕ್ಕೆಲ್ಲ ಗಾಡಿಯ ಹಿಂಭಾಗದ ಗೂಡಿನಲ್ಲಿದ್ದ ಡೀಸೆಲ್ ಜನರೇಟರೇ ಗತಿ. ಅದೋ, ಚಾಲೂ ಆಗುತ್ತಿತ್ತು, ಓಡುತ್ತಿತ್ತು, ಇದ್ದಕ್ಕಿದ್ದಂತೆ ಗಂಟಲು ಕಟ್ಟಿದ ಹಾಗೆ ಕೆಮ್ಮಿ ನಿಂತುಬಿಡುತ್ತಿತ್ತು. ಬರುವ ವಾರ ಬಿಟ್ಟು ಅದರ ಮುಂದಿನ ರವಿವಾರ ಹೊರಡುವುದೆಂದು ರಾಯಚೂರಿಗೆ ಸುದ್ದಿ ಹೋಗಿತ್ತು.

“ಡೀಸೆಲ್ ಸಾಲವಲ್ದೇನೋ ಅಂತ ನಾನು ಟ್ಯಾಂಕ್ ಬಾಯಿಮಟ ತುಂಬಸ್ತೀನ್ರಿ.”

“ತುಂಬಿಸಿದ್ರೆ ಸಾಲದು, ಇಂಜಿನ್ ತನಕ ಬರಬೇಕಲ್ಲ,” ಎಂದು ಸಂಯುಕ್ತಾ ಗೂಡಿನೊಳಗೆ ತಲೆ ಹಾಕಿದಳು. “ನಿಮ್ಮ ಅಕ್ಕನ ಮನೆಗೆ ನಾನು ಕಳಿಸ್ತೀನಿ ಅಜ್ಜಿ. ಮಾತು ಕೊಟ್ಟಿದೀನಿ ಅಂದ್ಕೊಳ್ಳಿ.”

ಹಟಕ್ಕೆ ಬಿದ್ದರೆ ಅವಳು ಅಪ್ಪನ ಮಗಳೇ. ಅಪ್ಪ ಶಿವಾನಂದ ತುಮಕೂರಿನ ಕಡೆಯಿಂದ ಬಂದು ರಕ್ಷಣಾ ಕಾರ್ಖಾನೆಯೊಂದರ ಇಂಜಿನ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ಅವರ ಕೈಕೆಳಗೆ ಕಲಿತ ಸಂಯುಕ್ತಾ ಈಗ ಸಿಕಂದರಾಬಾದಿನಲ್ಲಿ ಅಂಗಡಿ ಇಟ್ಟು, ಗಚ್ಚಿಬೌಲಿಯ ಎಷ್ಟೋ ಅಪಾರ್ಟ್‌ಮೆಂಟುಗಳ ಜನರೇಟರುಗಳನ್ನು ನೋಡಿಕೊಳ್ಳುತ್ತಿದ್ದಳು.

ಆ ದಿನ ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಕಪ್ಪು ಗಸಿ. ಹೊಸದು ಹಾಕಿ, ಪೈಪಿನ ಗಾಳಿ ತೆಗೆದು ಚಾಲೂ ಮಾಡಿದಳು. ಹದಿನಾರು ಬಲ್ಬುಗಳೂ ಒಟ್ಟಿಗೆ ಹತ್ತಿಕೊಂಡವು. ಒಳಗೆ ಹೋಗಿ ನೋಡಿದಾಗ ಕನ್ನಡಿಯಲ್ಲಿ ಅವಳ ಹಿಂದೆ ನಿಂತ ಕೇದಾರ ಕಂಡ. ಅವನು ಬಲ್ಬು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕಿದ್ದೇ ಗಡಿಬಿಡಿಯಿಂದ ಗಡಿಯಾರ ನೋಡಿಕೊಂಡ.

“ಟೈಮೆಷ್ಟು?” ಎಂದು ಕೇಳಿದಳು, ಬೇಕೆಂದೇ.

“ಹನ್ನೊಂದು... ಹನ್ನೊಂದು ಚಿಲ್ಲರ ರೀ,” ಎಂದ ಟೈಮ್‌ಟೇಬಲ್ ಕಚೇರಿಯ ಮನುಷ್ಯ.

ಚಹಾ ಬೇಡವೆಂದವಳು ಅಜ್ಜಿಯ ಬಲವಂತಕ್ಕೆ ಕುಡಿದಳು. ಜನರೇಟರ್ ಒಂದು ತಾಸು ತಕರಾರಿಲ್ಲದೆ ಓಡಿತು. ಹೊರಟಾಗ ಕೇದಾರ ಗೇಟಿನ ತನಕ ಬಂದ.

ಮಾರನೆಯ ದಿನ ಬೆಳಿಗ್ಗೆ ಫೋನು. ಈ ಸಲ ಕನ್ನಡದಲ್ಲಿ. “ಮತ್ತ ಬಂದ್ ಬಿತ್ರಿ.”

ಎರಡನೆಯ ಭೇಟಿಯಲ್ಲಿ ರಬ್ಬರ್ ಪೈಪಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕಿತು. ಅಲ್ಲಿಂದ ಗಾಳಿ ಎಳೆಯುತ್ತಿರಬಹುದು ಎಂದು ಪೈಪನ್ನೇ ಬದಲಿಸಿದಳು. ಒಂದು ತಾಸು ಚೆನ್ನಾಗಿ ಓಡಿತು. ಮರುದಿನ ಬಂದ್. ಮೂರನೆಯ ಸಲ ಪಂಪಿನ ಬಾಯಿಗೆ ಬಾಟಲಿ ಹಿಡಿದು ನಿಮಿಷಕ್ಕೆ ಎಷ್ಟು ಡೀಸೆಲ್ ಬರುತ್ತದೆಂದು ಅಳೆದಳು. ಬರಬೇಕಾದಷ್ಟೇ ಬರುತ್ತಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟಳು, ಕಸವಿಲ್ಲ, ನೀರಿಲ್ಲ. ಮುಚ್ಚಳದ ಅಂಚಿಗೆ ಹಳದಿ ಕಲೆಯೊಂದಿತ್ತು, ಡೀಸೆಲ್ಲಿನ ನಡುವೆಯೂ ಇಂಗಿನ ವಾಸನೆ ಸುಳಿಯಿತು. ಅಜ್ಜಿ ಒಳಗೆ ಒಗ್ಗರಣೆ ಹಾಕುತ್ತಿರಬೇಕು ಎಂದುಕೊಂಡು ಕಲೆಯನ್ನು ಒರೆಸಿ ಮುಚ್ಚಿದಳು.

ಅಷ್ಟು ಹೊತ್ತಿಗೆ ಆ ಮನೆಯ ಸ್ಟೀಲಿನ ಲೋಟಗಳಲ್ಲಿ ಒಂದು ಅವಳದೇ ಆಗಿಬಿಟ್ಟಿತ್ತು. ಕೇದಾರನ ‘ಹೌದಲ್ರೀ’ಯನ್ನು ಅಣಕಿಸುವುದೂ ಅಭ್ಯಾಸವಾಗಿತ್ತು. ಅವಳ ‘ಬರಲ್ಲ, ಆಗಲ್ಲ’ಗಳನ್ನು ಅವನೂ ಅಣಕಿಸುತ್ತಿದ್ದ. ಕೈಗೆ ಹತ್ತಿದ ಮಸಿಯನ್ನು ಅವಳು ತೊಳೆಯುವಾಗ ನೀರು ಹಾಕುತ್ತ, ಹೆಬ್ಬೆರಳಿನ ಬುಡದಲ್ಲಿ ಉಳಿದ ಮಸಿಯನ್ನು ತೋರಿಸಲೋ ಬೇಡವೋ ಎಂದು ಅವನು ಅನುಮಾನಿಸುತ್ತಿದ್ದ. ಅದು ಗೊತ್ತಾಗಿಯೇ ಅವಳು ಆ ಜಾಗ ಬಿಟ್ಟು ಉಳಿದದ್ದನ್ನೆಲ್ಲ ನಿಧಾನಕ್ಕೆ ಉಜ್ಜುತ್ತಿದ್ದಳು.

ಹೊರಡುವ ರವಿವಾರಕ್ಕೆ ಮೂರೇ ದಿನ ಇರುವಾಗ, ಗುರುವಾರ ಮತ್ತೆ ಫೋನು ಬಂದಾಗ ಅಂಗಡಿಯಲ್ಲಿ ಶಿವಾನಂದ ಪೇಪರ್ ಓದುತ್ತಿದ್ದರು.

“ನೀನು ಹೋದಾಗ ಓಡುತ್ತೆ, ಬಂದ ಮೇಲೆ ನಿಲ್ಲುತ್ತೆ. ಅಲ್ವೇನಮ್ಮ?”

“ಹೂಂ.”

“ಹಾಗಾದ್ರೆ ತೊಂದರೆ ಜನರೇಟರಿಗಲ್ಲ, ಆ ಹುಡುಗನಿಗೆ,” ಎಂದು ಅವರು ಪುಟ ತಿರುಗಿಸಿದರು.

ಅಪ್ಪ ಹೇಳಿದ್ದು ತಮಾಷೆಗೆ. ಚುಚ್ಚಿದ್ದು ಮಾತ್ರ ಸರಿಯಾದ ಜಾಗಕ್ಕೆ. ಹಿಂದೊಮ್ಮೆ ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನ ಸೆಕ್ರೆಟರಿಯೊಬ್ಬ ಕೆಡದ ಜನರೇಟರಿಗೆ ನಾಲ್ಕು ಸಲ ಅವಳನ್ನು ಕರೆಸಿ, ನಾಲ್ಕನೆಯ ಸಲ ಕಾಫಿಗೆ ಕರೆದಿದ್ದ. ಕೇದಾರನೂ ಅಂಥವನೇ? ಬೇಗಂಪೇಟೆ ಮುಟ್ಟುವಷ್ಟರಲ್ಲಿ ಸಂಯುಕ್ತಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಅಂಥವನಲ್ಲದಿರಲಿ ಎಂದು ಎಷ್ಟು ಬಯಸುತ್ತಿದ್ದಾಳೆಂದು ತಿಳಿದು ಆ ಉರಿ ಇನ್ನೂ ಹೆಚ್ಚಿತು.

ಅವನು ಎಂದಿನಂತೆ ಗೇಟಿನಲ್ಲೇ ಕಾಯುತ್ತಿದ್ದ. ಅವಳು ನೇರ ವ್ಯಾನಿನೊಳಗೆ ಹೋಗಿ ಚಾಲೂ ಮಾಡುವ ಗುಂಡಿ ಒತ್ತಿದಳು. ಜನರೇಟರ್ ಮೊದಲ ಸಲಕ್ಕೇ ಚಾಲೂ ಆಯಿತು. ಹದಿನಾರು ಬಲ್ಬೂ ಹತ್ತಿದವು.

“ಕೇದಾರ ಅವರೇ, ನಿಜ ಹೇಳಿ. ನನ್ನನ್ನ ಕರೆಸೋಕೆ ನೀವೇ ಇದನ್ನ ನಿಲ್ಲಿಸ್ತಿದೀರಾ?”

ಅವನ ಮುಖದ ಬಣ್ಣ ಇಳಿಯಿತು. ಕನ್ನಡಿಯಲ್ಲೂ ಅವಳ ಕಡೆ ನೋಡಲಿಲ್ಲ.

“ನಿಮ್ಮನ್ನ ಕರೀಬೇಕಂದ್ರ ನನಗ ಬಾಯಿ ಐತ್ರಿ,” ಎಂದ. “ಅಜ್ಜಿ ಉಸಿರು ಒತ್ತೆ ಇಟ್ಟು ಕರಿಯೋವಷ್ಟು ಸಣ್ಣವ ಅಲ್ಲ ನಾನು.”

ಜೇಬಿನಿಂದ ನೋಟ್‌ಬುಕ್ ತೆಗೆದು ಅಡುಗೆಕಟ್ಟೆಯ ಮೇಲಿಟ್ಟ. “ಯಾವಾಗ ಚಾಲೂ ಆತು, ಯಾವಾಗ ನಿಂತಿತು, ಎಲ್ಲಾ ಬರದೀನಿ. ತಗೊಂಡು ಹೋಗಿ ನೋಡ್ರಿ. ನಂಬಿಕಿ ಬಂದ್ರ ಬರ್ರಿ. ಇಲ್ಲಾಂದ್ರ ರಾಯಚೂರಿಗೆ ಫೋನ್ ಮಾಡಿ, ನಾವು ಬರಂಗಿಲ್ಲ ಅಂತ ಹೇಳ್ತೀನಿ.”

ಹೊರಗೆ ಸೂಗಮ್ಮ ಜರದ ಸೀರೆಯನ್ನು ಬಿಸಿಲಿಗೆ ಹಾಕುತ್ತಿದ್ದಳು. “ಚಹಾ ಕುಡದು ಹೋಗ ಯವ್ವಾ,” ಎಂದಳು. ಸಂಯುಕ್ತಾ ತಲೆ ಎತ್ತದೆ ಸ್ಕೂಟಿ ಹತ್ತಿದಳು. ಆ ದಿನ ಗೇಟಿನ ತನಕ ಯಾರೂ ಬರಲಿಲ್ಲ.

ನೋಟ್‌ಬುಕ್ಕನ್ನು ಅವಳು ಬಿಚ್ಚಿದ್ದು ಶುಕ್ರವಾರ ಮಧ್ಯಾಹ್ನ, ಅಂಗಡಿಯಲ್ಲಿ, ಅಪ್ಪ ಊಟಕ್ಕೆ ಹೋದ ಮೇಲೆ. ಗುಂಡು ಗುಂಡಾದ ಶಿಸ್ತಿನ ಅಕ್ಷರ.

‘ಟ್ಯಾಂಕ್ ಪೂರ್ತಿ. 6.10ಕ್ಕೆ ಚಾಲೂ, 6.21ಕ್ಕೆ ಬಂದ್. ಹನ್ನೊಂದು ನಿಮಿಷ.’

‘ಟ್ಯಾಂಕ್ ಎರಡು ಬೆರಳು ಕಡಿಮೆ. 6.05ಕ್ಕೆ ಚಾಲೂ, 6.39ಕ್ಕೆ ಬಂದ್. ಮೂವತ್ತನಾಲ್ಕು ನಿಮಿಷ.’

‘ಟ್ಯಾಂಕ್ ಮುಕ್ಕಾಲು. ಒಂದು ತಾಸು ಇಪ್ಪತ್ತು ನಿಮಿಷ.’

‘ಮತ್ತೆ ಪೂರ್ತಿ ತುಂಬಿಸಿದೆ. ಹನ್ನೊಂದು ನಿಮಿಷ.’

ಸಂಯುಕ್ತಾ ನೆಟ್ಟಗೆ ಕೂತಳು. ಡೀಸೆಲ್ ಕಡಿಮೆಯಾದರೆ ಗಾಡಿ ಬೇಗ ನಿಲ್ಲಬೇಕು. ಇಲ್ಲಿ ತುಂಬಿದ ಟ್ಯಾಂಕೇ ಬೇಗ ಸಾಯುತ್ತಿದೆ! ಟ್ಯಾಂಕಿನಿಂದ ಡೀಸೆಲ್ ಹೋದಷ್ಟೂ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಬರದಿದ್ದರೆ ಒಳಗಿನ ಗಾಳಿಯೇ ಹಿಗ್ಗಿ ಹಿಗ್ಗಿ, ಕಡೆಗೆ ಪಂಪು ಎಳೆದರೂ ಡೀಸೆಲ್ ಕದಲುವುದಿಲ್ಲ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಇಲ್ಲ, ಹನ್ನೊಂದೇ ನಿಮಿಷಕ್ಕೆ ಮುಗಿಯಿತು. ಅಂದರೆ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೆಂದೇ ಬಿಟ್ಟ ಸಣ್ಣ ತೂತನ್ನು ಯಾರೋ ಮುಚ್ಚುತ್ತಿದ್ದಾರೆ. ಅವಳು ಬರುವಷ್ಟರಲ್ಲಿ ತೆಗೆಯುತ್ತಿದ್ದಾರೆ.

ತುಂಬಿಸುವವನೇ ಮುಚ್ಚುವವನಾಗಿದ್ದರೆ ಈ ಸುಳಿವನ್ನು ತನ್ನ ಕೈಯಿಂದಲೇ ಇಷ್ಟು ಅಚ್ಚುಕಟ್ಟಾಗಿ ಬರೆದು ಕೊಡುತ್ತಿದ್ದನೇ?

ಅವಳು ಪುಟ ತಿರುಗಿಸಿದಳು. ಜನರೇಟರಿನ ಸಾಲುಗಳ ನಡುವೆ ಬೇರೆ ಸಾಲುಗಳಿದ್ದವು. ಅವು ಅಲ್ಲಿರುವುದನ್ನು ಬರೆದವನು ಸಿಟ್ಟಿನಲ್ಲಿ ಮರೆತಿದ್ದ.

‘10.42 ಬಂದರು. ಅವರ ಗಡಿಯಾರದಲ್ಲಿ 10.43.’

‘10.50 ಚಹಾ ಬೇಡ ಅಂದರು. 11.15 ಕುಡಿದರು.’

‘11.32 ನಕ್ಕರು.’

‘12.04 ಹೋದರು. 12.04ರಿಂದ 12.23ರವರೆಗೆ ಗೇಟಿನ ಹತ್ತಿರ ನಿಂತಿದ್ದೆ. ಕಾರಣ ಗೊತ್ತಿಲ್ಲ.’

ಮೂರನೆಯ ಭೇಟಿಯ ಪುಟದಲ್ಲಿ ಮತ್ತೊಂದು ಸಾಲು. ‘ಹೆಬ್ಬೆರಳಿನ ಹತ್ತಿರ ಮಸಿ ಉಳಿದಿತ್ತು. ಹೇಳಲಿಲ್ಲ. ಕಾರಣ ಗೊತ್ತಿದೆ.’

ಸಂಯುಕ್ತಾ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಎಷ್ಟು ಹೊತ್ತು ನೋಡಿದಳೋ, ಊಟ ಮುಗಿಸಿ ಬಂದ ಶಿವಾನಂದ “ಏನಾಯ್ತೇ, ಕೈ ಸುಟ್ಕೊಂಡೆಯಾ?” ಎಂದು ಗಾಬರಿಯಾದರು.

ಶನಿವಾರ ಬೆಳಿಗ್ಗೆ ಆರೂವರೆಗೆ ಅವಳು ಫೋನು ಮಾಡದೆ ಹೋದಳು. ಗಲ್ಲಿಯ ಮೂಲೆಯಲ್ಲೇ ಸ್ಕೂಟಿ ಬಿಟ್ಟು ನಡೆದು ಬಂದಳು. ವ್ಯಾನಿನ ಹಿಂದೆ ಸೂಗಮ್ಮ ಒಬ್ಬಳೇ ಇದ್ದಳು, ಮೂಗಿನ ಕೊಳವೆ ತೆಗೆದಿಟ್ಟು ಬಂದಿದ್ದಳು. ಜನರೇಟರಿನ ಗೂಡು ತೆರೆದಿತ್ತು. ಟ್ಯಾಂಕಿನ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ ಹರವಿ, ಅದರ ಮೇಲೆ ಅರಿಶಿನ, ಇಂಗಿನ ಎಣ್ಣೆ ಹತ್ತಿದ ಬಟ್ಟೆ ಹೊದಿಸಿ, ಟ್ಯಾಂಕಿನ ಕೊರಳಿಗೆ ದಾರ ಸುತ್ತಿ ಬಿಗಿಯುತ್ತಿದ್ದಳು. ಉಪ್ಪಿನಕಾಯಿಯ ಭರಣಿಗೆ ಎಪ್ಪತ್ತು ವರ್ಷ ಕಟ್ಟಿದ ಕೈ. ಗಂಟು ಒಂದಿಷ್ಟೂ ಸಡಿಲವಿರಲಿಲ್ಲ.

“ಅಜ್ಜಿ.”

ಸೂಗಮ್ಮ ತಿರುಗಿದಳು. ಮುಖದಲ್ಲಿ ಕಳ್ಳತನದ ಸುಳಿವೇ ಇಲ್ಲ. “ಅಯ್ಯ, ಇವತ್ತು ಬರ್ತಿ ಅಂತ ಹೇಳಿಲ್ಲಲ್ಲ ಯವ್ವಾ. ಹೇಳಿದ್ರ ಬಿಚ್ಚಿಡ್ತಿದ್ನಲ್ಲ.”

“ದಿನಾ ನೀವೇ ಬಿಚ್ಚಿಡ್ತಿದ್ರಾ?”

“ಮತ್ತ? ನೀ ಕೆಲಸಕ್ಕ ಬಂದಾಕಿ, ಈ ಗಂಟು ಬಿಚ್ಚೂ ತ್ರಾಸ ನಿನಗ್ಯಾಕ? ಅವ ನಿನ್ನ ಹಾದಿ ಕಾಯಾಕ ಗೇಟಿಗೆ ಹೋಗ್ತಿದ್ದ, ನಾ ಬಿಚ್ಚತಿದ್ದೆ. ನಿನ್ನ ಕಳಸಾಕ ಹೋಗಿ ಅಲ್ಲೇ ನಿಲ್ಲತಿದ್ದ, ನಾ ಮತ್ತ ಕಟ್ಟತಿದ್ದೆ. ಅವ ಡೀಸೆಲ್ ಹಾಕೂ ಮುಂದನೂ ಬಿಚ್ಚಿಡ್ತಿದ್ದೆ, ಆಮ್ಯಾಲ ಅವ ಗಾಡಿ ಒಳಗಿನ ಗುಂಡಿ ಅಷ್ಟ ಒತ್ತತಿದ್ದ.”

“ಯಾಕಜ್ಜಿ ಕಟ್ಟೋದು?”

“ಉಸಿರಿನ ಮಷಿನ್ ಕೊಟ್ಟವ ಹೇಳಿ ಹೋಗ್ಯಾನ, ಅದರ ಹತ್ರ ಬೆಂಕಿ, ಡೀಸೆಲ್ ವಾಸನಿ ಸುಳೀಬಾರದು ಅಂತ. ನಂದೇನು, ಆಗೇತಿ ಎಂಬತ್ನಾಲ್ಕು. ಗಾಡಿ ನಡಸಾಂವ ನನ್ನ ಮೊಮ್ಮಗ. ಅವಗೇನರ ಆದ್ರ?”

ಅಷ್ಟರಲ್ಲಿ ಅರ್ಧ ಗಡ್ಡ ಹೆರೆದು ಅರ್ಧಕ್ಕೆ ನೊರೆ ಹಚ್ಚಿಕೊಂಡ ಕೇದಾರ ಬಾಗಿಲಿಗೆ ಬಂದ. ಸಂಯುಕ್ತಾಳನ್ನು ಕಂಡು ಅಲ್ಲೇ ನಿಂತ. ಮೊದಲ ಸಲ, ಗಡಿಯಾರ ನೋಡಿಕೊಳ್ಳಲಿಲ್ಲ.

“ಚಾಲೂ ಮಾಡಿ,” ಎಂದಳು ಅವಳು. “ಬಟ್ಟೆ ಹಾಗೇ ಇರಲಿ. ಟೈಮ್ ನೀವೇ ಹೇಳಿ.”

ಟ್ಯಾಂಕು ಬಾಯಿಮಟ ತುಂಬಿತ್ತು. ಹತ್ತು ನಿಮಿಷ ಏನೂ ಆಗಲಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಜನರೇಟರ್ ಕೆಮ್ಮಿತು, ಕಿಟಕಿಯಲ್ಲಿ ಕಾಣುತ್ತಿದ್ದ ಬಲ್ಬುಗಳು ಮಂಕಾದವು. ಸಂಯುಕ್ತಾ ದಾರ ಕತ್ತರಿಸಿ ಬಟ್ಟೆ ಎತ್ತಿದಳು. ಪ್ಲಾಸ್ಟಿಕ್ಕು ಮುಚ್ಚಳದ ತೂತಿಗೆ ಬಿಗಿಯಾಗಿ ಅಂಟಿಕೊಂಡಿತ್ತು. ಕಿತ್ತಳು. ಬುಸ್ಸೆಂದು ಗಾಳಿ ಒಳಗೆ ನುಗ್ಗಿತು. ಇನ್ನೇನು ನಿಲ್ಲಲಿದ್ದ ಜನರೇಟರ್ ಎರಡು ಸಲ ತಡವರಿಸಿ ತನ್ನ ಎಂದಿನ ಸದ್ದಿಗೆ ಮರಳಿತು.

ಸೂಗಮ್ಮ ಆ ಬಟ್ಟೆಯನ್ನೇ ನೋಡುತ್ತಿದ್ದಳು. ಅವಳಿಗೆ ಯಾರೂ ವಿವರಿಸಬೇಕಾಗಲಿಲ್ಲ, ಉಸಿರಿನ ಕಷ್ಟ ಅವಳಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿರಲಿಲ್ಲ. “ಅಕ್ಕನ ಹಾದಿ ನನ್ನ ಕೈಯಾರ ನಾನ ಕಟ್ಟಿದೆನಲ್ಲೋ,” ಎಂದವಳ ಕಣ್ಣಲ್ಲಿ ನೀರು ಬಂತು.

“ಕಟ್ಟಿದ್ದು ಮೊಮ್ಮಗನಿಗೋಸ್ಕರ ಅಲ್ವಾ,” ಎಂದು ಸಂಯುಕ್ತಾ ಮಸಿಗೈಯಲ್ಲೇ ಅವಳ ಹೆಗಲು ಹಿಡಿದಳು. “ಮಷಿನ್ನನ್ನ ನಾನು ಮುಂದಿನ ಸೀಟಿನ ಹತ್ರ ಇಡ್ತೀನಿ. ಈ ಗೂಡಿನ ಬಾಗಿಲಿಗೆ ಸುತ್ತ ರಬ್ಬರ್ ಕೂರಿಸ್ತೀನಿ, ವಾಸನೆ ಒಳಗೆ ಬರಲ್ಲ. ತೂತು ಮಾತ್ರ ಬಿಟ್ಟುಬಿಡಿ. ನಾಳೆ ಹೋಗ್ತಿದೀರಿ ನೀವು.”

ಅಜ್ಜಿಯನ್ನು ಒಳಗೆ ಕೂರಿಸಿ ಕೊಳವೆ ಹಾಕಿ ಬಂದ ಮೇಲೆ ಇಬ್ಬರೂ ವ್ಯಾನಿನ ಮೆಟ್ಟಿಲ ಮೇಲೆ ಕೂತರು. ಆರು ತಾಸು ಬಿಡದೆ ಓಡಿಸಿ ನೋಡಬೇಕೆಂದು ಸಂಯುಕ್ತಾ ಹಟ ಹಿಡಿದಿದ್ದಳು.

“ಮೊನ್ನೆ ಹಾಗೆ ಕೇಳಬಾರದಿತ್ತು. ತಪ್ಪಾಯ್ತು.”

“ಕೇಳಿದ್ದು ಛಲೋ ಆತ್ರಿ. ಇಲ್ಲಾಂದ್ರ ಬುಕ್ ಕೊಡ್ತಿರಲಿಲ್ಲ.” ಹೇಳಿ ಮುಗಿಸುವಷ್ಟರಲ್ಲಿ ಆ ಬುಕ್ಕಿನಲ್ಲಿ ಇನ್ನೂ ಏನೇನಿತ್ತೆಂದು ನೆನಪಾಯಿತು. ನೊರೆ ಒಣಗಿದ ಕೆನ್ನೆ ಕೆಂಪಾಯಿತು. “ಎಲ್ಲಾ ಪುಟ ಓದಿದ್ರೇನು?”

“ಓದಿದೆ. ತಪ್ಪೆಲ್ಲ ನಿಮ್ಮದೇ. ಗೇಟಲ್ಲಿ ನಿಂತು ನನ್ನ ದಾರಿ ಕಾಯದೆ ಇದ್ದಿದ್ರೆ ಮೊದಲ ದಿನವೇ ಅಜ್ಜಿ ಕೈಲಿ ಬಟ್ಟೆ ನೋಡ್ತಿದ್ರಿ.”

“ನೋಡಿದ್ರ ನೀವು ಒಂದ ಸಲ ಬಂದು ಹೋಗ್ತಿದ್ರಿ.”

ಅವಳು ತನ್ನ ಕೈ ನೋಡಿಕೊಂಡಳು. ಹೆಬ್ಬೆರಳಿನ ಬುಡದಲ್ಲಿ ಇವತ್ತೂ ಮಸಿ ಇತ್ತು. ಅವನು ಹೆಗಲ ಮೇಲಿನ ಟವೆಲಿನ ತುದಿಯಿಂದ ಅದನ್ನು ಒರೆಸಿದ. ಅಷ್ಟು ಸಣ್ಣ ಕಲೆಗೆ ಅಷ್ಟು ಹೊತ್ತು ಬೇಕಿರಲಿಲ್ಲ.

“ನಾಳೆ ನೀವೂ ಬರ್ರಿ,” ಎಂದ.

“ಮೆಕ್ಯಾನಿಕ್ ಆಗಿನಾ?”

“ಜನರೇಟರ್ ಸರಿ ಆಗೈತಲ್ರೀ.”

“ಬುಕ್ ಮಾತ್ರ ವಾಪಸ್ ಕೊಡಲ್ಲ,” ಎಂದಳು ಸಂಯುಕ್ತಾ.

ರವಿವಾರ ಆರಕ್ಕೆ ಹೊರಟರು. ಕೇದಾರ ಗಾಡಿ ನಡೆಸಿದ. ಸಂಯುಕ್ತಾ ಅಜ್ಜಿಯ ಪಕ್ಕ ಕೂತು ದಾರಿಯುದ್ದಕ್ಕೂ ಒಂದು ಕಿವಿಯನ್ನು ಹಿಂದಕ್ಕೇ ಇಟ್ಟಿದ್ದಳು. ಜರದ ಸೀರೆ ಉಟ್ಟ ಸೂಗಮ್ಮ ಹದಿನಾರು ಬಲ್ಬಿನ ಕನ್ನಡಿಯಲ್ಲಿ ಮೂರು ಸಲ ಮುಖ ನೋಡಿಕೊಂಡಳು. ಕೃಷ್ಣಾ ನದಿ ದಾಟುವಾಗ ಕೈ ಮುಗಿದಳು. ಜನರೇಟರ್ ಒಮ್ಮೆಯೂ ಕೆಮ್ಮಲಿಲ್ಲ.

ರಾಯಚೂರಿನ ಮನೆಯಲ್ಲಿ ಮಷಿನ್ನನ್ನು ಗೋಡೆಯ ಪ್ಲಗ್ಗಿಗೆ ಹಾಕಿದ ಮೇಲೆ ಸೂಗಮ್ಮ ಅಕ್ಕನ ಹಾಸಿಗೆಯ ಅಂಚಿಗೆ ಕೂತಳು. ಬಂಡೆಮ್ಮ ಎರಡೂ ಕೈಯಿಂದ ತಂಗಿಯ ಮುಖವನ್ನೆಲ್ಲ ಸವರಿದಳು, ಮೂಗಿನ ಕೊಳವೆಯನ್ನೂ ಸವರಿದಳು. ಆಮೇಲೆ ತಂಗಿ ತಂದ ಮಾವಿನ ಉಪ್ಪಿನಕಾಯಿಯ ಭರಣಿಯನ್ನು ಎದೆಗೆ ಒತ್ತಿ ಹಿಡಿದಳು. ಅದರ ಬಾಯಿಗೆ ಹೊಸ ಬಟ್ಟೆ ಕಟ್ಟಿತ್ತು. ಗಂಟು ಬಿಗಿಯಾಗಿತ್ತು, ಅದು ಬಿಗಿಯಾಗಿರಬೇಕಾದ ಜಾಗವೇ.

“ಈಕಿ ಯಾರ?” ಎಂದಳು ಬಂಡೆಮ್ಮ, ಬಾಗಿಲಲ್ಲಿದ್ದ ಸಂಯುಕ್ತಾಳನ್ನು ನೋಡಿ.

ಸೂಗಮ್ಮ ಹೇಳಲು ಬಾಯಿ ತೆರೆದಳು. ಅವಳಿಗಿಂತ ಮೊದಲು ಕೇದಾರ ಹೇಳಿದ. “ದೊಡ್ಡಜ್ಜಿ, ನಾನು ಈಕಿನ್ನ ಲಗ್ನ ಆಗಬೇಕಂತ ಮಾಡೀನಿ. ಈಕಿ ಹೂಂ ಅಂದ್ರ.”

ಸಂಯುಕ್ತಾ ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು, ಅವನ ಜೇಬಿನಿಂದಲೇ ಪೆನ್ನು ಎಳೆದುಕೊಂಡಳು. ತನ್ನ ವಾಚು ನೋಡಿ ಒಂದು ಸಾಲು ಬರೆದು ಅವನ ಕೈಗಿತ್ತಳು.

‘12.27 ಹೂಂ ಅಂದೆ.’

ಕೇದಾರ ಓದಿದ. ಮತ್ತೊಮ್ಮೆ ಓದಿದ. ತನ್ನ ಗಡಿಯಾರ ನೋಡಿಕೊಂಡ, ಅದರಲ್ಲಿ ಇನ್ನೂ ಹನ್ನೆರಡು ಇಪ್ಪತ್ತಾರು. ಈ ಸಲ ತುಟಿಯ ಎರಡೂ ಮೂಲೆ ನಕ್ಕವು. ಅವನು ಗಡಿಯಾರ ಬಿಚ್ಚಿ, ಮುಳ್ಳನ್ನು ಒಂದು ನಿಮಿಷ ಮುಂದಕ್ಕೆ ತಿರುಗಿಸಿ ಮತ್ತೆ ಕಟ್ಟಿಕೊಂಡ.